ಗುಡ್ಡಪ್ಪನ ಪಾಳಿ ನೀರು

ಆಲದ ಮರ ದಾಟುವಾಗ ಗುಡ್ಡಪ್ಪನಿಗೆ ಹಿಂದಿನಿಂದ ಸದ್ದು ಕೇಳಿಸಿತು. ಟಪ್... ಟಪ್... ಟಪ್. ಒದ್ದೆ ಗೋಣಿಚೀಲ ಬಂಡೆಗೆ ಬಡಿದ ಹಾಗೆ. ನಿಂತ. ಸದ್ದೂ ನಿಂತಿತು.

ಕಂಪ್ಲಿ ಕಡೆಯ ಕಾಲುವೆ. ಎಂಬತ್ಮೂರನೇ ಇಸವಿ. ಗದ್ದೆಗೆ ನೀರು ಎಂಟು ದಿನಕ್ಕೊಂದು ಪಾಳಿ. ಆ ರಾತ್ರಿ ಗುಡ್ಡಪ್ಪನದು. ಹೋಗದೆ ವಿಧಿಯಿಲ್ಲ. ಬಿಟ್ಟರೆ ಭತ್ತ ಒಣಗುತ್ತದೆ.

ಹಿಂದಿನ ಪಾಳಿ ಹಗಲಲ್ಲಿತ್ತು. ಅವತ್ತೇ ಅವನ ಗದ್ದೆಗೆ ಹೆಲಿಕಾಪ್ಟರ್ ಬಿದ್ದದ್ದು. ಹಾರಿಸೋದು ಕಲಿಯುತ್ತಿದ್ದ ಹುಡುಗ, ಕಲಿಸುವ ಸಾಹೇಬ, ಇಬ್ಬರೇ. ಸಾಹೇಬ ಹೊರಗೆ ಸಿಡಿದು ಅಲ್ಲೇ ಸತ್ತ. ಯಂತ್ರ ಕೆಸರು ತೋಡಿಕೊಂಡು ಮಗ್ಗುಲಾಗಿತ್ತು. ಒಳಗೆ ಹುಡುಗ ಜೀವಂತ. ಹೆಗಲ ಮೇಲೆರಡು, ಸೊಂಟಕ್ಕೆರಡು ಪಟ್ಟಿ. ನಾಲ್ಕೂ ಎದೆಯ ಮೇಲಿನ ದುಂಡು ಬಿಲ್ಲೆಗೆ ಸೇರಿದ್ದವು. ಊರವರು ಎಳೆದರು. ಸಲಿಕೆಯಿಂದ ಹೊಡೆದರು. ಪಟ್ಟಿ ಹರಿಯಲಿಲ್ಲ. ಹುಡುಗನ ಬಾಯಲ್ಲಿ ರಕ್ತ, ಮಾತಿಲ್ಲ. ಒಂದು ಕೈ ಮುರಿದಿತ್ತು. ಇನ್ನೊಂದು ಸಿಕ್ಕಿಕೊಂಡು ಬೆರಳಷ್ಟೇ ಆಡುತ್ತಿದ್ದವು. ಅವನ್ನೇ ಗಾಳಿಯಲ್ಲಿ ತಿರುವಿ ತಿರುವಿ ತೋರಿಸಿದ.

"ರೆಕ್ಕಿ ತಿರುಗ್ತಾವ ಅಂತಾನ, ಸರೀರಿ," ಅಂದ ಎಳೆಯುತ್ತಿದ್ದವರಲ್ಲಿ ಒಬ್ಬ, ತೋಟಪ್ಪ.

ನೀರು ಏರುತ್ತಿತ್ತು.

"ಲೇ ಗುಡ್ಡಪ್ಪ, ತೂಬು ಮುಚ್ಚು," ಅಂದ ಪಕ್ಕದ ಗದ್ದೆಯ ಕೊಟ್ರಯ್ಯ.

"ಇನ್ನೊಂದು ಪಟ್ಟು ಎಳೀರಿ. ಪಾಳಿ ಹೋದ್ರ ಮತ್ತ ಎಂಟು ದಿನ."

ಮುಚ್ಚಿದಾಗ ನೀರು ಹುಡುಗನ ಮೂಗು ದಾಟಿತ್ತು.

ಸಂಜೆ ಮಿಲಿಟರಿಯವರು ಬಂದರು. ಒಬ್ಬ ಆ ಬಿಲ್ಲೆಯನ್ನು ಎರಡು ಬೆರಳಲ್ಲಿ ತಿರುವಿ ಒತ್ತಿದ. ಟಕ್. ನಾಲ್ಕೂ ಪಟ್ಟಿ ಬಿಚ್ಚಿಕೊಂಡವು. ಊರವರು ಯಾರೂ ಮುಖ ಎತ್ತಲಿಲ್ಲ.

ಈಗ ಗುಡ್ಡಪ್ಪ ತೂಬು ಎತ್ತಿದ. ನೀರು ಗಳಗಳ ನುಗ್ಗಿತು. ಗದ್ದೆಗಿಳಿದ. ನಾಲ್ಕು ಹೆಜ್ಜೆ... ಜಾರಿ ಕೂತ. ಏಳಲು ಹೋದ. ಆಗಲಿಲ್ಲ. ಹೆಗಲು ಬಿಗಿದಿತ್ತು. ಸೊಂಟ ಬಿಗಿದಿತ್ತು. ಕೈ ಎತ್ತಲು ಬರಲಿಲ್ಲ. ಟಪ್... ಟಪ್... ಕಿವಿಯ ಹತ್ತಿರವೇ. ಆಮೇಲೆ ಯಾರದೋ ಉಸಿರು, ಗೊರಗೊರ. ನೀರು ಎದೆಗೆ ಬಂತು. ಕುತ್ತಿಗೆಗೆ ಬಂತು. ತುಟಿಗೆ...

ಮುಂದಿನ ಪಾಳಿ ಕೊಟ್ರಯ್ಯನದು. ನಸುಕಿಗೆ ಬಂದ. ಗದ್ದೆಯಲ್ಲಿ ನೀರು ಹಿಮ್ಮಡಿ ಮಟ್ಟ. ಅಷ್ಟರಲ್ಲೇ ಗುಡ್ಡಪ್ಪ ಕೂತು, ತಲೆ ಹಿಂದಕ್ಕೆ ಚೆಲ್ಲಿ, ಮುಳುಗುವವನ ಹಾಗೆ ಬಾಯಿ ಬಿಡುತ್ತಿದ್ದ.

"ಯಾಕಲೇ, ಎಮ್ಮಿ ಹಂಗ ಕೆಸರಾಗ ಬಿದ್ದೀ? ಏಳು." ರಟ್ಟೆ ಹಿಡಿದು ಎಳೆದ. ಬರಲಿಲ್ಲ. ಮತ್ತೆ ಎಳೆದ.

"ಎಳೀಬ್ಯಾಡ..." ಪಿಸುಮಾತು. "ತಿರುವು."

"ಏನು ತಿರುವಲಿ?"

ಗುಡ್ಡಪ್ಪನ ಬೆರಳು ಗಾಳಿಯಲ್ಲಿ ತಿರುಗಿತು.

ಅದನ್ನು ಕೊಟ್ರಯ್ಯ ಹಿಂದೆ ನೋಡಿದ್ದ. ಗುಡ್ಡಪ್ಪನ ಬರಿ ಎದೆಯ ಮೇಲೆ ಕೈಯಿಟ್ಟ. ತಣ್ಣಗೆ, ದುಂಡಗೆ ಏನೋ ಸಿಕ್ಕಿತು. ಕಾಣಲಿಲ್ಲ. ತಿರುವಿ ಒತ್ತಿದ.

ಟಕ್.

ಗುಡ್ಡಪ್ಪ ಎದ್ದ. ತೂಬು ಮುಚ್ಚಿದ. ಆ ಗದ್ದೆಗೆ ಮತ್ತೆ ನೀರು ಬಿಡಲಿಲ್ಲ.

ಗುಡ್ಡಪ್ಪ ನಮ್ಮ ದೊಡ್ಡಪ್ಪನ ಮಗ. ತೊಂಬತ್ತೊಂದರಲ್ಲಿ ಸತ್ತ. ಹೆಣಕ್ಕೆ ನೀರು ಹಾಕಿದವನು ನಾನೇ. ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಹೆಗಲ ಮೇಲೆರಡು, ಸೊಂಟಕ್ಕೆರಡು ಬಿಳಿ ಗೆರೆ. ಎದೆಯ ನಡುವೆ ದುಂಡಗೆ ಒಂದು ಮಚ್ಚೆ. ಮೂರು ಕೊಡ ಸುರಿದೆ. ಅಲ್ಲಿ ಮಾತ್ರ ಒದ್ದೆಯಾಗಲಿಲ್ಲ.