ಎಡಗೈ ಬಾಚಿ

ಇದು ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಸೊಸೆ ಚೂಡಾಮಣಿಗೆ ಆದದ್ದು.

ಎಂಬತ್ತೊಂದರ ಆಯುಧಪೂಜೆಯ ರಾತ್ರಿ. ಚೂಡಾಮಣಿಯೂ ಗಂಡ ಗೌರೀಶಂಕರನೂ ತಿಲಕ್ ನಗರದಲ್ಲಿ ಗೊಂಬೆ ಆರತಿ ಮುಗಿಸಿಕೊಂಡು ಜಯನಗರದ ಮನೆಗೆ ನಡೆದು ಬರುತ್ತಿದ್ದರು. ಕರೆಂಟ್ ಹೋಗಿತ್ತು. ಮನೆ ಹಿಂದಿನ ಖಾಲಿ ಸೈಟಿನಲ್ಲಿ ಹಳೇ ಬಾವಿ. ಅದರ ಹತ್ತಿರ ಬಂದಾಗ ಕೇಳಿಸಿತು.

ಕಚ್... ಕಚ್... ಆಮೇಲೆ, ಚಟ್.

ಬಡಗಿಯ ಬಾಚಿ ಮರಕ್ಕೆ ಕಚ್ಚುವ ಸದ್ದು. ಕೊನೆಯದು ಚಕ್ಕೆ ಸಿಡಿದು ನೆಲಕ್ಕೆ ಬಿದ್ದದ್ದು.

"ರೀ... ನಮ್ಮ ಶೆಡ್ಡಿಂದ."

"ಹೆಗ್ಗಣ ಇರ್ಬೇಕು."

"ಹೆಗ್ಗಣ ಬಾಚಿ ಹಿಡಿಯತ್ತಾ?"

ಗೌರೀಶಂಕರ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಆದರೆ ಅವನ ಜೀವವೆಲ್ಲ ಬಡಗಿಗಳ ಹಳೇ ಸಾಮಾನಿನಲ್ಲಿ. ಭಾನುವಾರ ಬಂತೆಂದರೆ ಸಿದ್ದಾಪುರದ ಗುಜರಿ ಅಂಗಡಿಗಳಲ್ಲೇ ಠಿಕಾಣಿ. ಗರಗಸ, ಉಳಿ, ಬೈರಿಗೆ... ಹಿತ್ತಲ ಶೆಡ್ಡಿನಲ್ಲಿ ಕೂತು ತುಕ್ಕು ಉಜ್ಜಿ, ಎಣ್ಣೆ ಹಚ್ಚಿ, ಸಾಣೆ ಹಿಡಿಯೋನು. ಬರೀ ಚಂದಕ್ಕಲ್ಲ. ಮನೆಯ ಮಣೆ, ದೇವರ ಮಂಟಪ, ಎಲ್ಲ ಅವನ ಕೈಕೆಲಸವೇ. "ಹಿಡಿ ನೋಡು ಚೂಡಿ, ಯಾರದೋ ಅಂಗೈ ಇದರಲ್ಲೇ ಉಳ್ಕೊಂಡಿದೆ" ಅನ್ನೋನು. ಅವಳಿಗೆ ಆ ಮಾತು ಸೇರುತ್ತಿರಲಿಲ್ಲ.

ಹಬ್ಬದ ಹಿಂದಿನ ವಾರ ಒಂದು ಬಾಚಿ ತಂದಿದ್ದ. ಹಿಡಿಯಲ್ಲಿ ಹೆಬ್ಬೆರಳು ಸವೆಸಿದ ಗುಳಿ. ಬಲಗೈಗೆ ಕೂರುತ್ತಲೇ ಇರಲಿಲ್ಲ. ಯಾರೋ ಎಡಚನದ್ದು.

ಶೆಡ್ಡಿನ ಬೀಗ ಹಾಕಿದ ಹಾಗೇ ಇತ್ತು. ತೆಗೆದು ಟಾರ್ಚ್ ಬಿಟ್ಟರು. ಬೆಳಿಗ್ಗೆ ಪೂಜೆಗೆ ಸಾಲಾಗಿ ಇಟ್ಟದ್ದು, ಕುಂಕುಮ, ಸೇವಂತಿಗೆ, ಎಲ್ಲ ಇದ್ದಲ್ಲೇ. ಬಾಚಿಯ ಮೇಲಿನ ಹೂವು ಮಾತ್ರ ಕೆಳಗೆ. ಪಕ್ಕದಲ್ಲಿ ಬಿಳೀ ಚಕ್ಕೆಗಳು.

"ಮುಟ್ಟಬೇಡಿ... ಪೂಜೆಗಿಟ್ಟಿದ್ದು. ನಾಳೆ ಎತ್ತೋಣ."

"ಸರಿಯಾಗಿ ಇಡ್ತೀನಿ, ಅಷ್ಟೇ."

ಬಲಗೈಯಲ್ಲಿ ಟಾರ್ಚ್ ಇತ್ತು. ಎಡಗೈಯಲ್ಲಿ ಎತ್ತಿದ. ಹೆಬ್ಬೆರಳು ಗುಳಿಯಲ್ಲಿ ಹೋಗಿ ಕೂತಿತು.

ಮಾರನೇ ದಿನ ಊಟಕ್ಕೆ ಕೂತವನು ಎಡಗೈಯಲ್ಲಿ ಹುಳಿಯನ್ನ ಕಲೆಸಿದ.

"ಏನೋ ಇದು? ಎಲೆ ಮುಂದೆ ಎಡಗೈ!" ಅವನ ತಾಯಿ ಸೀತಾಲಕ್ಷ್ಮಮ್ಮ ಕಿರುಚಿದರು.

ಅವನು ತನ್ನ ಕೈಯನ್ನು ಬೇರೆಯವರದ್ದೆಂಬಂತೆ ನೋಡಿದ.

ಆಮೇಲೆ ಆಫೀಸಿನಲ್ಲಿ ತಕರಾರು. ಎಡಗೈಯಲ್ಲಿ ಹಾಕಿದ ಸಹಿ ಹೊಂದುತ್ತಿಲ್ಲ. ಇನ್ನೊಂದು ಸಲ ಹೀಗಾದರೆ ಸಸ್ಪೆಂಡ್ ಅಂದರು. ರಾತ್ರಿಯಾದರೆ ಶೆಡ್ಡಿನಲ್ಲಿ... ಕಚ್, ಕಚ್. ಮಣೆಯಲ್ಲ, ಮಂಟಪವಲ್ಲ, ಬರೀ ಕೆತ್ತುತ್ತಿದ್ದ. ಹೆಸರು ಹಿಡಿದು ತಾಯಿ ಕೂಗಿದರೂ ತಿರುಗುತ್ತಿರಲಿಲ್ಲ. ಮನೆಯೊಳಗೆ ಇರುವವನು ಯಾರೆಂದು ಚೂಡಾಮಣಿಗೆ ಭಯ ಹತ್ತಿತು.

ಒಂದು ರಾತ್ರಿ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು. "ರೀ... ನಿಲ್ಲಿಸ್ರೀ."

ತಲೆ ಎತ್ತಿದ. ಕಣ್ಣಲ್ಲಿ ನೀರು. ಕೈ ಮಾತ್ರ ನಿಲ್ಲಲಿಲ್ಲ.

"ಆಗ್ತಿಲ್ಲ ಚೂಡಿ... ನಾನು ಮಲಗಿದಾಗ ತಗೊಂಡ್ಹೋಗು."

ಅವನು ಮಲಗಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಒಯ್ದಳು. ಬಾವಿಗೆ ಬಿಟ್ಟಳು. ದುಬುಲ್... ಆಮೇಲೆ ಸದ್ದಿಲ್ಲ.

ಬೆಳಿಗ್ಗೆ ಗೌರೀಶಂಕರ ಬಲಗೈಯಲ್ಲಿ ಉಪ್ಪಿಟ್ಟು ತಿಂದ. ಸಹಿಯೂ ಅವನದೇ ಆಯಿತು. ಬಾಚಿ ಎಲ್ಲಿ ಅಂತ ಕೇಳಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಸೈಟು ಯಾರೋ ಕೊಂಡರು. ಬಾವಿಯ ಹೂಳು ತೆಗೆಯಲು ಮುನಿಯಣ್ಣ ಅನ್ನುವವನು ಇಳಿದ. ತೂತು ಬಿದ್ದ ಬಕೆಟ್ಟು, ತುಕ್ಕು ತಿಂದ ರಾಟೆ ಮೇಲೆ ಬಂದವು. ಕೊನೆಗೆ ಬಾಚಿ ಬಂತು. ಸೀರೆ ತುಂಡು ಇರಲಿಲ್ಲ. ಒಂದು ಚೂರು ತುಕ್ಕಿಲ್ಲ. ಅಲಗಿನ ಬಾಯಿ ಈಗ ತಾನೇ ಸಾಣೆ ಹಿಡಿದ ಹಾಗೆ ಹೊಳೆಯುತ್ತಿತ್ತು.

ಗೌರೀಶಂಕರ ಕಾಂಪೌಂಡ್ ಪಕ್ಕ ನಿಂತು ನೋಡುತ್ತಿದ್ದ. ಬಲಗೈಯಲ್ಲಿ ಕಾಫಿ ಲೋಟ. ಸುಮ್ಮನೆ ಎಡಗೈ ಮುಂದೆ ಚಾಚಿದ.

ಚೂಡಾಮಣಿ ಓಡಿ ಬಂದು ಅವನಿಗಿಂತ ಮುಂಚೆ ಬಾಚಿ ಕಸಿದುಕೊಂಡಳು. ನೀರಿಂದ ಎದ್ದ ಹಿಡಿ... ಒಣಗಿತ್ತು.

ಸುಳ್ಳು ಹೇಳಿ ಅವಳಿಗೆ ಆಗಬೇಕಾದ್ದು ಏನೂ ಇಲ್ಲ. ಬಿಸಿಲಿಗೆ ಒಣಗಿರಬಹುದು ಅಂತ ನಾನು ಅಂದರೆ ಇವತ್ತಿಗೂ ತಲೆ ಅಲ್ಲಾಡಿಸುತ್ತಾಳೆ.

"ಇಲ್ಲ ಕಣೇ. ಅವತ್ತು ಮೋಡ. ಹಿಡಿಯೆಲ್ಲ ತಣ್ಣಗಿತ್ತು... ಆ ಹೆಬ್ಬೆರಳ ಗುಳಿ ಇತ್ತಲ್ಲ, ಅದೊಂದು ಮಾತ್ರ ಬೆಚ್ಚಗಿತ್ತು."