ಕರಿಮರಳಿನ ಮೇಲೆ ಬರಿಗಾಲು

ಕೇರಳದ ಚವರದ ಕಡಲಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ನಮ್ಮ ಕೇರಿಯ ಬ್ರಿಜಿತ್ತಮ್ಮ, ತವರಿಗೆ ಹೊರಟ ಅವರ ಬಸುರಿ ಸೊಸೆ ಲಿಸಿ.

"ಅಮ್ಮಚ್ಚೀ, ಈ ಕರಿಮರಳಲ್ಲಿ ವಿಕಿರಣ ಇದೆಯಂತೆ. ಮಗೂನ ಡಿಎನ್ಎ ಮುರಿದ್ರೆ?" ಲಿಸಿ ಅತ್ತೆಯನ್ನು ಕೇಳಿದಳು.

"ಮುರಿಯತ್ತೆ ಮಗಳೇ. ಮೈಯೇ ಮತ್ತೆ ಹೊಲಿಯತ್ತಂತೆ, ನಾವು ಹರಿದ ಬಲೆ ಹೊಲಿಯಲ್ವಾ, ಹಂಗೆ. ಡಾಕ್ಟ್ರೇ ಹೇಳಿದ್ರು."

"ನಮ್ಮ ತವರಲ್ಲಿ ಈ ಮರಳೇ ಇಲ್ಲ. ಅದಕ್ಕೇ ಹೊರಟೆ."

"ಅಲ್ಲೂ ತಪ್ಪಿದ್ದಲ್ಲ. ಒಂದು ಜೀವಕೋಶ ಎರಡಾಗೋವಾಗ ಡಿಎನ್ಎ ನಕಲಾಗ್ಬೇಕಲ್ಲ, ಆಗ್ಲೂ ಅಕ್ಷರ ತಪ್ಪತ್ತಂತೆ."

"ಹೊಲಿಗೆಗೂ ಸಿಗದೆ ಒಂದು ತಪ್ಪು ಉಳ್ಕೊಂಡ್ರೆ?"

"ಕೆಲವು ಕೇಡು ಮಾಡ್ತವೆ, ಹೌದು. ಆದ್ರೆ ಲೋಕದಲ್ಲಿ ಅಂಥ ತಪ್ಪು ಒಂದೂ ಉಳೀದೇ ಹೋಗಿದ್ರೆ, ನಾವಿನ್ನೂ ಮೀನುಗಳಾಗಿ ಕಡಲಲ್ಲೇ ಇರ್ತಿದ್ವಿ ಕಣೇ!"

ಲಿಸಿ ಕಡಲನ್ನೇ ನೋಡುತ್ತ ನಿಂತಳು. ಬಸ್ಸು ಬಂತು. ಅವಳು ಹತ್ತಲಿಲ್ಲ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಅತ್ತೆಯ ಹಿಂದೆ ಕರಿಮರಳಿನ ಮೇಲೆ ಮನೆಯತ್ತ ನಡೆದಳು.