ಮೂರನೇ ಸಾಲು

ನಗೋದಾದರೆ ಹೇಳೋದಿಲ್ಲ. ಇದು ನಮ್ಮ ಚಿಕ್ಕಮ್ಮನ ಮಗಳಿಗೆ ಆದದ್ದು. ವಿಶ್ವವಿದ್ಯಾಲಯದ ಗಣಿತ ಸಂಶೋಧನಾ ಕೇಂದ್ರದಲ್ಲಿ ಇದ್ದವಳು. ಎರಡಕ್ಕೆರಡು ನಾಲ್ಕು ಅಂದರೂ ಯಾಕೆ ಅಂತ ಕೇಳುವ ಜಾತಿ.

ಆ ರಾತ್ರಿ ಹತ್ತೂವರೆಗೆ ಕೇಂದ್ರದ ಹಿಂದಿನ ದಾರಿಯಲ್ಲಿ ಮನೆಗೆ ಹೊರಟಿದ್ದಳು, ಹಲ್ಲು ಕಡಿಯುತ್ತಾ. ಐದು ವರ್ಷ ಕೂತು ಅವಳು ಸಾಧಿಸಿದ ಪ್ರಮೇಯವನ್ನು ನಿರ್ದೇಶಕರು ಮರುದಿನ ಸಭೆಯಲ್ಲಿ ತಮ್ಮದೆಂದು ಮಂಡಿಸುವವರಿದ್ದರು. ಸಂಜೆ ಕೇಳಿದ್ದಕ್ಕೆ, "ಕೊನೇ ಪುಟದ ಕೃತಜ್ಞತೆಯಲ್ಲಿ ನಿನ್ನ ಹೆಸರಿದೆಯಲ್ಲಮ್ಮಾ, ಟೈಪಿಸ್ಟ್ ಹೆಸರಿನ ಪಕ್ಕದಲ್ಲೇ" ಅಂದಿದ್ದರು. ದೊಡ್ಡ ಮನಸ್ಸು.

ದಾರಿಯಲ್ಲೊಂದು ಹಳೆಯ ಬಾವಿ. ಮೇಲೆ ಕಬ್ಬಿಣದ ಜಾಲರಿ. ಅದನ್ನು ದಾಟುವಾಗ ಕೇಳಿಸಿತು... ಟಕ್... ಟಕ್... ಕಿರ್ರ್... ಸೀಮೆಸುಣ್ಣ ಒತ್ತಿ ಬೋರ್ಡಿನ ಮೇಲೆ ಬರೆಯುವ ಸದ್ದು. ಅವಳದೇ ಕೋಣೆಯಿಂದ. ಬೀಗ ಹಾಕಿ ಬಂದ ಕೋಣೆ. ದೀಪವಿಲ್ಲ.

ಹೆದರಲಿಲ್ಲ. ಅಷ್ಟು ಸಿಟ್ಟಿನಲ್ಲಿ ಹೆದರಲು ಪುರಸೊತ್ತೆಲ್ಲಿ? ಉಳಿದದ್ದನ್ನೂ ನಕಲು ಮಾಡಿಕೊಳ್ಳಲು ನಿರ್ದೇಶಕರೇ ಬಂದಿದ್ದಾರೆ ಅಂದುಕೊಂಡು ವಾಪಸು ಹೋಗಿ ಬೀಗ ತೆಗೆದಳು.

ಸದ್ದು ನಿಂತಿತು. ಕತ್ತಲೆ. ಒದ್ದೆ ಬಟ್ಟೆಯಿಂದ ನೀರು ಬೀಳುತ್ತಿತ್ತು... ತೊಟ್... ತೊಟ್...

"ಯಾರು?"

"ಮೂರನೇ ಸಾಲು ನೋಡು." ಹೆಂಗಸಿನ ಪಿಸುದನಿ. "ಭಾಗಿಸಿದ್ದೀಯ... ಅದು ಸೊನ್ನೆ ಆದ್ರೆ?"

ಎದೆ ಧಸಕ್ಕೆಂದಿತು. ದನಿಗಲ್ಲ, ತಪ್ಪಿಗೆ. ಸೊನ್ನೆಯಿಂದ ಭಾಗಿಸುವಂತಿಲ್ಲ. ಆ ಸಾಲು ಬಿದ್ದರೆ ಐದು ವರ್ಷವೂ ಬಿತ್ತು.

"ಸರಿ ಮಾಡೋದು ಹೇಗೆ?"

"ಬರೆದಿದ್ದೀನಿ... ಅವರಿಗೆ ಹೇಳಬೇಡ. ನನ್ನದನ್ನೂ ಅವರೇ ತಗೊಂಡ್ರು."

ದೀಪ ಹಾಕಿದಳು. ಯಾರೂ ಇಲ್ಲ. ಬೋರ್ಡಿನ ಮೇಲೆ ಓರೆಯಾದ ಸಣ್ಣ ಅಕ್ಷರದಲ್ಲಿ ಏಳು ಸಾಲು. ಬರೆದುಕೊಂಡು ಅಳಿಸಿಬಿಟ್ಟಳು.

ಮರುದಿನ ಸಭೆಯಲ್ಲಿ ನಿರ್ದೇಶಕರು ಹಳೆಯ ಮೂರನೇ ಸಾಲನ್ನೇ ಬರೆದರು. ಅವಳು ಎದ್ದು ನಿಂತಳು.

"ಸರ್, ಅದು ಸೊನ್ನೆ ಆದ್ರೆ?"

ಸರ್ ಕೆಮ್ಮಿದರು. ನೀರು ಕುಡಿದರು. ಬೋರ್ಡನ್ನು ಮೊದಲ ಸಲ ಓದುವವರಂತೆ ಓದಿದರು. ಮೊದಲ ಸಲವೇ ಇರಬೇಕು.

"ಅದು... ಆಮೇಲೆ ಮಾತಾಡೋಣಮ್ಮ."

"ಈಗಲೇ ಹೇಳಿಬಿಡಿ ಸರ್. ನಿಮ್ಮ ಪ್ರಮೇಯ ತಾನೇ?"

ಹಿಂದೆ ಯಾರೋ ಕಿಸಕ್ಕೆಂದರು. ಅವರಿಗೆ ಆದ ಶಿಕ್ಷೆ ಅಷ್ಟೇ. ಇವತ್ತಿಗೂ ಅವರೇ ನಿರ್ದೇಶಕರು. ದೆವ್ವಗಳಿಗೆ ಆಡಳಿತ ಮಂಡಳಿಯಲ್ಲಿ ಮತವಿಲ್ಲ.

ಸಭೆ ಮುಗಿದ ಮೇಲೆ ಅವಳು ಹಳೆಯ ಗುಮಾಸ್ತರನ್ನು ಕೇಳಿದಳು: ನನ್ನ ಕೋಣೆಯಲ್ಲಿ ಮುಂಚೆ ಯಾರಿದ್ದರು?

"ಒಬ್ಬರು ಮೇಡಂ ಇದ್ರಮ್ಮ," ಅವರು ದನಿ ತಗ್ಗಿಸಿದರು. "ಅವರ ಕೆಲಸಕ್ಕೇ ಸಾಹೇಬರಿಗೆ ಪ್ರಶಸ್ತಿ ಬಂತು. ಆ ವಾರವೇ ಬಾವೀಲಿ ಸಿಕ್ಕಿದ್ರು. ಹನ್ನೊಂದು ವರ್ಷ ಆಯ್ತು."

"ಕೇಂದ್ರದವರು ಏನು ಮಾಡಿದ್ರು?"

"ಜಾಲರಿ ಹಾಕಿಸಿದ್ರು."

ಅವಳು ಆ ಏಳು ಸಾಲು ಸೇರಿಸಿ, ಪ್ರಮೇಯವನ್ನು ಎರಡು ಹೆಸರಿನಲ್ಲಿ ಒಂದು ಗಣಿತ ಪತ್ರಿಕೆಗೆ ಕಳಿಸಿದಳು. ಮೊದಲು ತನ್ನದು, ಆಮೇಲೆ ಆ ಮೇಡಮ್ಮಿನದು. ಲೇಖಕರು ಪ್ರತಿಯೊಬ್ಬರೂ ಇಮೇಲಿನಲ್ಲಿ ಒಪ್ಪಿಗೆ ಕೊಡಬೇಕೆಂಬುದು ಪತ್ರಿಕೆಯ ನಿಯಮ. ಮೇಡಮ್ಮಿನ ಹಳೆಯ ಪ್ರಬಂಧದ ಮೊದಲ ಪುಟದಲ್ಲಿದ್ದ ಇಮೇಲ್ ವಿಳಾಸವನ್ನು ವಿಶ್ವವಿದ್ಯಾಲಯ ಎಂದೋ ರದ್ದು ಮಾಡಿತ್ತು. "ವಾಪಸು ಬರಲಿ ಬಿಡಣ್ಣಾ," ಅಂದಳು ನನಗೆ, "ಯಾಕೆ ಉತ್ತರ ಇಲ್ಲ ಅಂತ ಕೇಳಲಿ. ಆಗ ಎಲ್ಲಾ ಬರೀತೀನಿ." ಹಟಕ್ಕೆ ಅದೇ ವಿಳಾಸ ಕೊಟ್ಟಳು.

ಮೂರನೇ ದಿನ ಪತ್ರಿಕೆಯಿಂದ ಬಂದ ಕಾಗದವನ್ನು ಈ ಕಣ್ಣಲ್ಲೇ ಓದಿದ್ದೇನೆ. ನಂಬಿ, ಬಿಡಿ. ಇದ್ದದ್ದು ಎರಡೇ ವಾಕ್ಯ.

"ಎರಡನೇ ಲೇಖಕಿಯ ಒಪ್ಪಿಗೆ ತಲುಪಿದೆ. ನಿಮ್ಮದು ಇನ್ನೂ ಬಂದಿಲ್ಲ."